ಆಹಾರದ ಅಲರ್ಜಿ ಇರಬಹುದೇ? ಮನೆಯಲ್ಲಿ ಜಾಡು ಹಿಡಿಯುವ ಹಂತಗಳು

“ಮೊಟ್ಟೆ ತಿಂದ ಮೇಲೆ ಮಗುವಿನ ಮೈಮೇಲೆ ದದ್ದು ಎದ್ದಿತು, ಇನ್ನು ಮೊಟ್ಟೆ ಕೊಡಲೇಬಾರದೇ?” “ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಇದು ಅಲರ್ಜಿಯೇ?” “ಮನೆಗೆ ತರಿಸಿದ ಪರೀಕ್ಷೆಯ ಕಿಟ್‌ನಲ್ಲಿ ಮೂವತ್ತು ಪದಾರ್ಥ ಆಗಿಬರುವುದಿಲ್ಲ ಎಂದು ಬಂದಿದೆ, ಎಲ್ಲವನ್ನೂ ಬಿಡಬೇಕೇ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಆದರೆ ಆ ಉತ್ತರ ಸಿಗುವ ದಾರಿ ಹೆಚ್ಚುಕಡಿಮೆ ಒಂದೇ, ಅದನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇವೆ.

ಮೊದಲೇ ಒಂದು ಮಾತು. ಅಲರ್ಜಿ ಹೌದೋ ಅಲ್ಲವೋ ಎಂಬ ತೀರ್ಮಾನ ಮನೆಯಲ್ಲಿ ಆಗುವಂಥದ್ದಲ್ಲ. ಮನೆಯಲ್ಲಿ ಆಗುವುದು ಅನುಮಾನವನ್ನು ಇಪ್ಪತ್ತು ಪದಾರ್ಥಗಳಿಂದ ಒಂದೆರಡಕ್ಕೆ ಇಳಿಸುವ ಕೆಲಸ. ಅದನ್ನು ಕಡಿಮೆ ಎಂದುಕೊಳ್ಳಬೇಡಿ. ಅಲರ್ಜಿ ತಜ್ಞರು ಯಾವ ಪರೀಕ್ಷೆ ಮಾಡಿಸಬೇಕು ಎಂದು ನಿರ್ಧರಿಸುವುದೇ ನೀವು ಹೇಳುವ ವಿವರದ ಮೇಲೆ: ಏನು ತಿಂದದ್ದು, ಎಷ್ಟು ತಿಂದದ್ದು, ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಸಲ ಹೀಗಾಗಿದೆ. ಈ ನಾಲ್ಕು ಸರಿಯಾಗಿ ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ.

ಯಾವಾಗ ಈ ಲೇಖನ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು

ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕೆಳಗಿನವುಗಳಲ್ಲಿ ಯಾವುದಾದರೂ ಕಂಡರೆ ಅದು ತುರ್ತು ಸ್ಥಿತಿ.

ಉಸಿರಾಟ: ಉಬ್ಬಸ, ಬಿಡದ ಕೆಮ್ಮು, ಎದೆಯಲ್ಲಿ ಸುಂಯ್ ಎನ್ನುವ ಸದ್ದು.
ಗಂಟಲು: ಸ್ವರ ಒಡೆಯುವುದು, ಎಂಜಲು ನುಂಗಲಾಗದಿರುವುದು, ನಾಲಿಗೆ ಊದುವುದು.
ರಕ್ತಸಂಚಾರ: ತಲೆಸುತ್ತು, ಬಿಳಿಚಿಕೊಳ್ಳುವುದು, ಕುಸಿದು ಬೀಳುವುದು. ಪುಟ್ಟ ಮಗುವಾದರೆ ಇದ್ದಕ್ಕಿದ್ದಂತೆ ಸೋತು ಜೋಲು ಬೀಳುವುದು.

ಚರ್ಮದ ದದ್ದಿನ ಜೊತೆಗೆ ಮತ್ತೆ ಮತ್ತೆ ವಾಂತಿಯಾದರೂ ಹೀಗೇ ಎಣಿಸಬೇಕು. ಮೈಯ ಹಲವು ಭಾಗಗಳನ್ನು ಒಮ್ಮೆಲೇ ಹಿಡಿಯುವ ಈ ತೀವ್ರ ಅಲರ್ಜಿಗೆ ಅನಾಫಿಲಾಕ್ಸಿಸ್ ಎಂದು ಹೆಸರು. ಇದಕ್ಕೆ ಮೊದಲ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ವೈದ್ಯರು ಹಿಂದೆಯೇ ಅಡ್ರಿನಲಿನ್ ಪೆನ್ (ಮನೆಯವರೇ ಚುಚ್ಚಬಹುದಾದ, ಪೆನ್ನಿನಂಥ ಸಿರಿಂಜ್) ಬರೆದುಕೊಟ್ಟಿದ್ದರೆ ಕೂಡಲೇ ಬಳಸಿ, ಆಮೇಲೆ ಆಂಬ್ಯುಲೆನ್ಸ್‌ಗೆ ಕರೆ ಮಾಡಿ. ಪೆನ್ ಇಲ್ಲದಿದ್ದರೆ ಮೊದಲ ಕೆಲಸವೇ ಕರೆ ಮಾಡುವುದು. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾಗುತ್ತಿದ್ದರೆ ಕೂತಿರಲಿ. ಎದ್ದು ನಿಲ್ಲಲು ಬಿಡಬೇಡಿ, ನಡೆಸಬೇಡಿ. ರಕ್ತದೊತ್ತಡ ಕುಸಿದಿರುವಾಗ ಎದ್ದು ನಿಂತದ್ದರಿಂದಲೇ ಪ್ರಾಣ ಹೋದದ್ದುಂಟು.

ಇಲ್ಲಿ ಬಹಳಷ್ಟು ಜನ ಎಡವುತ್ತಾರೆ. ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತಾ ಕೂರುತ್ತಾರೆ. ಆ ಮಾತ್ರೆ ತುರಿಕೆ, ದದ್ದು ಇಳಿಸುತ್ತದೆಯೇ ಹೊರತು ಉಸಿರಾಟವನ್ನಾಗಲಿ ರಕ್ತದೊತ್ತಡವನ್ನಾಗಲಿ ಕಾಪಾಡುವುದಿಲ್ಲ. ದದ್ದು ಇಲ್ಲವಲ್ಲ ಎಂದು ಸುಮ್ಮನಿರುವುದೂ ತಪ್ಪು, ಅನಾಫಿಲಾಕ್ಸಿಸ್‌ನಲ್ಲಿ ಎಲ್ಲರಿಗೂ ದದ್ದು ಬರುವುದಿಲ್ಲ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯ ನಿಗಾದಲ್ಲಿರಬೇಕು, ಏಕೆಂದರೆ ಲಕ್ಷಣಗಳು ಎರಡನೇ ಸಲ ಮರುಕಳಿಸಬಹುದು.

ಒಮ್ಮೆ ಹೀಗಾದವರು ಮುಂದೆ ಬರುವ “ತಿಂದು ನೋಡುವ” ಹಂತಗಳನ್ನು ಮನೆಯಲ್ಲಿ ಮಾಡಲೇಬಾರದು. ತಿಂದ ತಕ್ಷಣ ಬರೀ ಗಂಧೆ (ಉಬ್ಬಿ ತುರಿಸುವ ದದ್ದು) ಎದ್ದಿದ್ದರೂ, ತುಟಿ ಊದಿದ್ದರೂ ಇದೇ ನಿಯಮ. ಈ ಸಲ ಹಗುರವಾಗಿ ಹೋಯಿತು ಎಂದರೆ ಮುಂದಿನ ಸಲವೂ ಹಾಗೇ ಎಂದೇನಿಲ್ಲ.

ಏನೇನು ಬೇಕು

ಒಂದು ನೋಟ್‌ಬುಕ್, ಗಡಿಯಾರ, ಫೋನಿನ ಕ್ಯಾಮೆರಾ, ಬಾಲ್‌ಪೆನ್, ಅಳತೆಯ ಚಮಚ. ಪೊಟ್ಟಣದ ತಿನಿಸು ತಂದರೆ ಅದರ ಹೊದಿಕೆ ಎಸೆಯದೆ ಇಡಲು ಒಂದು ಚೀಲ. ಇಷ್ಟು ಸಾಕು. ಯಾವ ಕಿಟ್‌ಗೂ ದುಡ್ಡು ಸುರಿಯಬೇಕಿಲ್ಲ. ಅದರ ಕಾರಣ ಕೊನೆಯ ಹಂತದಲ್ಲಿದೆ.

ಹಂತ 1: ಆದದ್ದನ್ನು ಅಂದೇ ಬರೆದಿಡಿ

ನೆನಪು ಮೋಸ ಮಾಡುತ್ತದೆ. ಎರಡು ದಿನ ಕಳೆದರೆ “ತಿಂದ ಕೂಡಲೇ” ಎನ್ನುವುದು ಹತ್ತು ನಿಮಿಷವೋ ಮೂರು ಗಂಟೆಯೋ ಯಾರಿಗೂ ತಿಳಿಯದು. ಅದಕ್ಕೇ ಅಂದೇ ಇವನ್ನು ಬರೆಯಿರಿ: ತಿನ್ನಲು ಶುರುಮಾಡಿದ ಹೊತ್ತು, ಮೊದಲ ಲಕ್ಷಣ ಕಂಡ ಹೊತ್ತು, ಎರಡನೆಯದು, ಅದು ಇಳಿದ ಹೊತ್ತು, ಕೊಟ್ಟ ಔಷಧಿ. ತಿಂದ ಪ್ರಮಾಣವನ್ನು “ಸ್ವಲ್ಪ” ಎಂದು ಬರೆಯದೆ “ಅರ್ಧ ಮೊಟ್ಟೆ”, “ಎರಡು ಚಮಚ”, “ಕಾಲು ಲೋಟ” ಎಂದು ಬರೆಯಿರಿ.

ದದ್ದಿನ ಚಿತ್ರವನ್ನು ಬೆಳಕಿರುವಲ್ಲಿ, ಪಕ್ಕದಲ್ಲಿ ಒಂದು ನಾಣ್ಯವನ್ನೋ ಬೆರಳನ್ನೋ ಇಟ್ಟು ತೆಗೆಯಿರಿ, ಗಾತ್ರ ತಿಳಿಯುತ್ತದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ದದ್ದು ಮಾಯವಾಗುವುದೇ ಹೆಚ್ಚು, ಆಗ ಈ ಚಿತ್ರವೇ ಸಾಕ್ಷಿ. ಇನ್ನೊಂದು ಸುಲಭದ ಉಪಾಯವಿದೆ. ಎದ್ದ ಒಂದು ಗಂಧೆಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದುಕೊಳ್ಳಿ. ಪಿತ್ತಗಂಧೆ, ಅಂದರೆ ಸೊಳ್ಳೆ ಕಚ್ಚಿದಂತೆ ಉಬ್ಬಿ ತುರಿಸುವ ಬೊಬ್ಬೆ, 24 ಗಂಟೆಯೊಳಗೆ ಆ ಜಾಗ ಬಿಟ್ಟು ಬೇರೆಡೆ ಏಳುತ್ತದೆ, ಕಲೆ ಉಳಿಸುವುದಿಲ್ಲ. ಅದೇ ಗೆರೆಯೊಳಗೆ ಎರಡು ದಿನ ಕೂತಿದ್ದರೆ ಅದು ಬೇರೆಯೇ ಚರ್ಮದ ತೊಂದರೆ ಇರಬಹುದು.

ಚಿಕ್ಕ ಮಕ್ಕಳಿಗೆ ತಮಗೇನಾಗುತ್ತಿದೆ ಎಂದು ಹೇಳಲು ಮಾತು ಇರುವುದಿಲ್ಲ. “ನಾಲಿಗೆ ಖಾರ ಆಗಿದೆ” (ಖಾರದ್ದೇನೂ ತಿಂದಿರುವುದಿಲ್ಲ), “ಬಾಯಲ್ಲಿ ಕೂದಲು ಇದೆ”, “ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ” ಎನ್ನುತ್ತವೆ. ಮಾತು ಬಾರದ ಕೂಸು ನಾಲಿಗೆ ಎಳೆದುಕೊಳ್ಳುತ್ತದೆ, ಕಿವಿ ಉಜ್ಜುತ್ತದೆ. ಮಗು ಹೇಳಿದ ಮಾತನ್ನು ಹಾಗೆಯೇ ಬರೆಯಿರಿ, ನಿಮ್ಮ ಮಾತಿಗೆ ತಿರುಗಿಸಬೇಡಿ.

ಹಂತ 2: ಗಡಿಯಾರ ಏನು ಹೇಳುತ್ತದೆ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಇಡೀ ಕೆಲಸದ ಕೀಲಿ ಇಲ್ಲಿದೆ.

ಕೆಲವು ನಿಮಿಷದಿಂದ 2 ಗಂಟೆ: ಗಂಧೆ, ತುಟಿ ಊತ, ವಾಂತಿ, ಕೆಮ್ಮು ಈ ಅವಧಿಯಲ್ಲಿ ಬಂದರೆ ತಕ್ಷಣದ ಅಲರ್ಜಿಯ ಅನುಮಾನ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಒಂದು ಆಹಾರದ ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಂಡಿರುತ್ತದೆ. ಅದೇ ಪ್ರೋಟೀನು ಮತ್ತೆ ಒಳಬಂದಾಗ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ಈ ಬಗೆಯ ಅಲರ್ಜಿಯ ಬಹುಪಾಲು ಪ್ರಕರಣಗಳ ಹಿಂದೆ ಇರುವುದು ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ ಬಾದಾಮಿ ಅಕ್ರೋಟಿನಂಥ ಒಣಬೀಜಗಳು, ಗೋಧಿ, ಸೋಯಾ, ಮೀನು, ಸಿಗಡಿ ಏಡಿಗಳು, ಎಳ್ಳು. ಹುಡುಕಾಟವನ್ನು ಇವುಗಳಿಂದ ಶುರುಮಾಡಿ. ಹಾಗೆಂದು ಪಟ್ಟಿಯಲ್ಲಿಲ್ಲದ ಆಹಾರಕ್ಕೆ ಅಲರ್ಜಿ ಆಗುವುದೇ ಇಲ್ಲ ಎಂದಲ್ಲ.

1ರಿಂದ 4 ಗಂಟೆ, ಶಿಶುವಿಗೆ: ದದ್ದಿಲ್ಲ, ಕೆಮ್ಮಿಲ್ಲ, ಆದರೆ ಮೇಲಿಂದ ಮೇಲೆ ವಾಂತಿ, ಮಗು ಬಿಳಿಚಿ ಸೋತು ಮಲಗುತ್ತದೆ, ಕೆಲವು ಗಂಟೆ ಬಿಟ್ಟು ಭೇದಿ. ಇದು ಐಜಿಇ ಇಲ್ಲದೆ ಕರುಳಿನಲ್ಲಿ ಆಗುವ ಅಲರ್ಜಿಯ ಒಂದು ರೂಪ. ಹಾಲು, ಸೋಯಾ, ಅಕ್ಕಿ, ಓಟ್ಸ್ ಸಾಮಾನ್ಯ ಕಾರಣಗಳು. ಹೊಟ್ಟೆಯ ಸೋಂಕು ಎಂದು ಇದನ್ನು ತಪ್ಪಾಗಿ ತಿಳಿಯುವುದು ಬಹಳ. ಅದೇ ಆಹಾರ ಕೊಟ್ಟಾಗಲೆಲ್ಲ ಹೀಗೇ ಆಗುತ್ತಿದ್ದರೆ ಸೋಂಕಲ್ಲ. ಮೈಯ ನೀರು ಬೇಗ ಬತ್ತುವುದರಿಂದ ಇದಕ್ಕೂ ಆಸ್ಪತ್ರೆಯೇ ಸರಿ.

3ರಿಂದ 6 ಗಂಟೆ, ಮಾಂಸ ತಿಂದ ಮೇಲೆ: ದನ, ಹಂದಿ, ಕುರಿಯಂಥ ಪ್ರಾಣಿಗಳ ಮಾಂಸ ರಾತ್ರಿ ತಿಂದು ನಡುರಾತ್ರಿ ಗಂಧೆ ಎದ್ದು ಎಚ್ಚರವಾದರೆ, ಹಿಂದೆ ಉಣ್ಣೆ (ದನ, ನಾಯಿಗಳ ಮೈಗೆ ಅಂಟಿ ರಕ್ತ ಹೀರುವ ಹುಳು) ಕಚ್ಚಿದ್ದು ನೆನಪಿದೆಯೇ ಎಂದು ಕೇಳಿಕೊಳ್ಳಿ. ಕೆಲವು ಜಾತಿಯ ಉಣ್ಣೆಗಳ ಕಡಿತದಿಂದ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ವಿರುದ್ಧ ಅಲರ್ಜಿ ಬೆಳೆಯುತ್ತದೆ. ಊಟಕ್ಕೂ ಲಕ್ಷಣಕ್ಕೂ ಅಂತರ ಹೆಚ್ಚಿರುವುದರಿಂದ ಊಟದ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಹಲವು ಗಂಟೆಯಿಂದ 2–3 ದಿನ: ಇಸಬು ಕೆರಳುವುದು, ಶಿಶುವಿನ ಮಲದಲ್ಲಿ ಲೋಳೆ ಜೊತೆ ರಕ್ತದ ಎಳೆ, ಭೇದಿ. ಇವು ನಿಧಾನದ ಅಲರ್ಜಿ ಇರಬಹುದು, ಬೇರೆ ಕಾರಣವೂ ಇರಬಹುದು. ಇಲ್ಲಿ ದಿನಚರಿಯಿಲ್ಲದೆ ಮುಂದಕ್ಕೆ ಹೆಜ್ಜೆ ಇಡಲಾಗದು.

ಹಂತ 3: ಅಲರ್ಜಿಯ ವೇಷದಲ್ಲಿ ಬರುವವು

ಹಾಲು ಕುಡಿದು ಹೊಟ್ಟೆ ಉಬ್ಬರ, ಗುಡುಗುಡು, ನೀರುಭೇದಿ ಆಗಿ, ಚರ್ಮಕ್ಕೂ ಉಸಿರಿಗೂ ಏನೂ ಆಗದಿದ್ದರೆ ಅದು ಹೆಚ್ಚಾಗಿ ಲ್ಯಾಕ್ಟೋಸ್ ಒಗ್ಗದಿರುವುದು. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಕಡಿಮೆಯಾದರೆ ಸಕ್ಕರೆ ದೊಡ್ಡಕರುಳಿಗೆ ಇಳಿದು ಅಲ್ಲಿ ಹುದುಗುತ್ತದೆ. ಇವರಿಗೆ ಅರ್ಧ ಲೋಟ ಹಾಲು ಆಗಿಬರುತ್ತದೆ, ಎರಡು ಲೋಟ ಆಗುವುದಿಲ್ಲ, ಮೊಸರು ಸಲೀಸು. ಹಾಲಿನ ಅಲರ್ಜಿ ಇರುವವರ ಕಥೆಯೇ ಬೇರೆ: ತೊಂದರೆ ಸಕ್ಕರೆಯಿಂದಲ್ಲ, ಪ್ರೋಟೀನಿನಿಂದ. ಒಂದು ಚಮಚವೂ ಅಪಾಯ ತರಬಹುದು. “ಲ್ಯಾಕ್ಟೋಸ್ ರಹಿತ” ಹಾಲಿನಲ್ಲಿ ಪ್ರೋಟೀನು ಪೂರ್ತಿ ಇರುತ್ತದೆ, ಅಲರ್ಜಿಯವರಿಗೆ ಅದು ಖಂಡಿತ ಬೇಡ. ಮೇಕೆ ಹಾಲೂ ಪರಿಹಾರವಲ್ಲ, ಅದರ ಪ್ರೋಟೀನು ದನದ ಹಾಲಿನದನ್ನೇ ಹೋಲುತ್ತದೆ.

ಒಂದೇ ಮೀನಿನ ಅಡುಗೆ ಉಂಡವರಲ್ಲಿ ಮೂವರ ಮುಖ ಕೆಂಪಾಗಿ ತಲೆನೋವು, ಗಂಧೆ ಬಂದರೆ ಅದು ಅಲರ್ಜಿಯಲ್ಲ. ಟ್ಯೂನಾ, ಬಂಗುಡೆಯಂಥ ಮೀನು ಸರಿಯಾಗಿ ತಂಪಿನಲ್ಲಿಡದಿದ್ದರೆ ಬ್ಯಾಕ್ಟೀರಿಯಾದಿಂದ ಅದರಲ್ಲೇ ಹಿಸ್ಟಮಿನ್ ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ. “ಜೊತೆಗೆ ಉಂಡ ಬೇರೆಯವರಿಗೂ ಆಯಿತೇ?” ಎಂಬ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬಿಡದೆ ಬರೆಯಿರಿ.

ಟೊಮೇಟೊ, ಕಿತ್ತಳೆ, ಅನಾನಸು ತಿಂದ ಮಗುವಿನ ಬಾಯಿ ಸುತ್ತ ಮಾತ್ರ ಕೆಂಪಾಗಿ ಅರ್ಧ ಗಂಟೆಯಲ್ಲಿ ಮಾಯವಾದರೆ ಬಹುಮಟ್ಟಿಗೆ ಅದು ಹುಳಿ ರಸ ಚರ್ಮಕ್ಕೆ ತಾಗಿದ ಉರಿ. ಉಣಿಸುವ ಮುನ್ನ ಬಾಯಿ ಸುತ್ತ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ನೋಡಿ. ಕೆಂಪು ಬರದಿದ್ದರೆ ತೊಂದರೆ ಹೊಟ್ಟೆಗೆ ಹೋದ ಹಣ್ಣಿನದಲ್ಲ. ಆದರೆ ಬಾಯಿಯಿಂದ ದೂರ, ಹೊಟ್ಟೆ ಬೆನ್ನಿನ ಮೇಲೆ ಗಂಧೆ ಎದ್ದರೆ ಈ ಸಮಾಧಾನ ಸಲ್ಲದು.

ಸೇಬು, ಪೀಚ್, ಕ್ಯಾರೆಟ್ ಹಸಿಯಾಗಿ ತಿಂದಾಗ ಬಾಯಿ ಗಂಟಲು ತುರಿಸಿ, ಬೇಯಿಸಿದರೆ ಏನೂ ಆಗದವರಿಗೆ ಮೂಲ ಅಲರ್ಜಿ ಹೂವಿನ ಪರಾಗಕ್ಕೆ ಇರುತ್ತದೆ. ಹಣ್ಣಿನ ಪ್ರೋಟೀನು ಪರಾಗದ್ದನ್ನು ಹೋಲುತ್ತದೆ, ಶಾಖಕ್ಕೆ ಒಡೆಯುತ್ತದೆ.

ಇನ್ನು ಔಷಧಿಗಳು. ರಕ್ತದೊತ್ತಡಕ್ಕೆ ಎನಾಲಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಗಂಧೆಯಿಲ್ಲದೆ ತುಟಿ, ನಾಲಿಗೆ ಊದುತ್ತದೆ. ಮಾತ್ರೆ ಶುರುಮಾಡಿ ತಿಂಗಳು, ವರ್ಷ ಕಳೆದ ಮೇಲೂ ಹೀಗಾಗಬಹುದು. ಪಾಪ, ಅಂದು ಉಂಡ ಊಟದ ಮೇಲೆ ತಪ್ಪು ಬೀಳುತ್ತದೆ. ಈ ಊತವೂ ಉಸಿರಿಗೆ ಅಡ್ಡಿಯಾಗಬಲ್ಲದು, ತಡಮಾಡದೆ ವೈದ್ಯರನ್ನು ಕಾಣಿ. ಮಕ್ಕಳಿಗೆ ನೆಗಡಿ ಜ್ವರದ ವೈರಸ್ಸಿನಿಂದಲೇ ಗಂಧೆ ಏಳುವುದು ಸಾಮಾನ್ಯ. ಆರು ವಾರ ಮೀರಿ ಹೆಚ್ಚುಕಡಿಮೆ ದಿನವೂ ಏಳುವ ಗಂಧೆಗೆ ಆಹಾರ ಕಾರಣವಾಗಿರುವುದು ಅಪರೂಪ.

ಹಂತ 4: ಎರಡರಿಂದ ನಾಲ್ಕು ವಾರ ದಿನಚರಿ

ತಿಂದ ತಕ್ಷಣ ಲಕ್ಷಣ ಬಂದವರು, ಅದು ಬರೀ ಗಂಧೆ, ತುಟಿ ಊತವಾಗಿದ್ದರೂ, ಅನುಮಾನದ ಆಹಾರವನ್ನು ನಿಲ್ಲಿಸಿ ನೇರ ಹಂತ 8ಕ್ಕೆ ಹೋಗಿ. ಉಳಿದವರು ಊಟದಲ್ಲಿ ಏನೂ ಬದಲಿಸದೆ ದಿನಚರಿ ಬರೆಯಿರಿ. ಪಥ್ಯ ಶುರುಮಾಡಿ ಆಮೇಲೆ ಬರೆಯುವವರೇ ಹೆಚ್ಚು. ಆಗ ಹೋಲಿಸಿ ನೋಡಲು ಹಿಂದಿನ ಲೆಕ್ಕವೇ ಇರುವುದಿಲ್ಲ. ಬರವಣಿಗೆ ಹೀಗಿರಲಿ:

ಸೋಮವಾರ, ಬೆಳಿಗ್ಗೆ 8:10. ಬ್ರೆಡ್ 2 ಹೋಳು, ಬೆಣ್ಣೆ 1 ಚಮಚ, ಬೇಯಿಸಿದ ಮೊಟ್ಟೆ 1, ಹಾಲು 150 ಮಿಲಿಲೀಟರ್.
8:50. ಶಾಲೆಗೆ ಓಡುತ್ತಾ ಹೋದದ್ದು.
11:00. ಬಿಸ್ಕತ್ತು 3, ಹೊದಿಕೆ ಇಟ್ಟಿದೆ.
11:40. ಮೊಣಕೈ ಮಡಿಕೆಯಲ್ಲಿ ತುರಿಕೆ, 10ಕ್ಕೆ 4.
ರಾತ್ರಿ: ತುರಿಕೆ 10ಕ್ಕೆ 7, ಎರಡು ಸಲ ಎಚ್ಚರ. ಮಲ ಸರಿಯಾಗಿದೆ. ನೆಗಡಿ ಇದೆ.

ಲಕ್ಷಣಕ್ಕೆ ಅಂಕ ಕೊಡುವುದು ಮುಖ್ಯ. “ಸ್ವಲ್ಪ ಕಡಿಮೆಯಾದಂತಿದೆ” ಎಂಬ ಭಾವನೆಗಿಂತ 7 ಎನ್ನುವುದು 3 ಆಯಿತು ಎಂಬುದು ಗಟ್ಟಿ. ಊಟದ ಜೊತೆಗೆ ವ್ಯಾಯಾಮ, ಮದ್ಯ, ನೋವಿನ ಮಾತ್ರೆ, ಜ್ವರ, ಮುಟ್ಟು, ನಿದ್ದೆಗೇಡು ಇವನ್ನೂ ಬರೆಯಿರಿ. ಇವು ಅಲರ್ಜಿಗೆ ಒತ್ತಾಸೆಯಾಗುತ್ತವೆ. ಗೋಧಿ ತಿಂದು ಸುಮ್ಮನಿದ್ದರೆ ಏನೂ ಇಲ್ಲ, ತಿಂದು ಕೆಲವು ಗಂಟೆಯೊಳಗೆ ಓಡಿದರೆ ಅನಾಫಿಲಾಕ್ಸಿಸ್ ಆಗುವ ಜನರಿದ್ದಾರೆ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳೂ ಹೀಗೆ ದಾರಿ ತೆರೆಯುತ್ತವೆ. “ಕೆಲವು ಸಲ ಆಗುತ್ತದೆ, ಕೆಲವು ಸಲ ಇಲ್ಲ” ಎಂಬ ಒಗಟಿನ ಉತ್ತರ ಎಷ್ಟೋ ಸಲ ಇಲ್ಲಿರುತ್ತದೆ.

ಹಂತ 5: ಹೊದಿಕೆ ಓದುವುದು

ಪೊಟ್ಟಣದ ತಿನಿಸಿನಲ್ಲಿ ಆಹಾರ ತನ್ನ ಹೆಸರಿನಲ್ಲಿ ಇರುವುದಿಲ್ಲ. ಕೇಸೀನ್, ಕೇಸಿನೇಟ್, ವೇ ಎಂದಿದ್ದರೆ ಹಾಲು. ಅಲ್ಬುಮಿನ್, ಓವಾಲ್ಬುಮಿನ್ ಅಥವಾ ಮೊಟ್ಟೆಯಿಂದ ತೆಗೆದ ಲೈಸೋಜೈಮ್ ಎಂದಿದ್ದರೆ ಮೊಟ್ಟೆ. ರವೆ, ಮೈದಾ, ಗ್ಲುಟೆನ್, ಸೈಟಾನ್ ಎಂದರೆ ಗೋಧಿ. ತಹಿನಿ ಎಂದರೆ ಎಳ್ಳು. “ಡೈರಿ ಅಲ್ಲ” ಎಂದು ಬರೆದ ಕಾಫಿ ಕ್ರೀಮರ್ ಪುಡಿಯಲ್ಲಿ ಕೇಸಿನೇಟ್ ಇರುವುದುಂಟು. “ಇದರ ಕುರುಹು ಇರಬಹುದು” ಎಂಬ ಸಾಲು ಅನೇಕ ಕಡೆ ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಆ ಸಾಲು ಇಲ್ಲದ ಮಾತ್ರಕ್ಕೆ ಪೊಟ್ಟಣ ನಿರಪಾಯವೆಂದು ನಂಬಬೇಡಿ. ಪ್ರತಿ ಸಲ ಕೊಂಡಾಗಲೂ ಓದಿ, ತಯಾರಿಕೆಯ ಪದಾರ್ಥಗಳು ಸದ್ದಿಲ್ಲದೆ ಬದಲಾಗುತ್ತವೆ.

ಹಂತ 6: ದಿನಚರಿಯಿಂದ ಒಬ್ಬ ಶಂಕಿತನನ್ನು ಆರಿಸಿ

ಲಕ್ಷಣ ಬಂದ ಪ್ರತಿ ದಿನಕ್ಕೂ ಕೆಂಪು ಗುರುತು ಹಾಕಿ, ಅದಕ್ಕೂ ಹಿಂದಿನ ಊಟಗಳಲ್ಲಿ ಸಮಾನವಾದದ್ದು ಯಾವುದು ನೋಡಿ. ಆಮೇಲೆ ಉಲ್ಟಾ ಲೆಕ್ಕ ಹಾಕಿ, ಬಹುತೇಕರು ಬಿಟ್ಟುಬಿಡುವುದು ಇದನ್ನೇ: ಅದೇ ಆಹಾರ ತಿಂದೂ ಏನೂ ಆಗದ ದಿನ ಎಷ್ಟು? ತಕ್ಷಣದ ಅಲರ್ಜಿಯಾದರೆ, ಅದೇ ರೂಪದಲ್ಲಿ ಅಷ್ಟೇ ಪ್ರಮಾಣ ತಿಂದು ಒತ್ತಾಸೆಗಳಿಲ್ಲದೆ ಆರಾಮವಾಗಿದ್ದ ದಿನಗಳು ಹಲವಿದ್ದರೆ ಆ ಆಹಾರ ಹೆಚ್ಚಾಗಿ ನಿರಪರಾಧಿ.

“ಅದೇ ರೂಪದಲ್ಲಿ” ಎನ್ನುವುದನ್ನು ಗಮನಿಸಿ. ಹಾಲು, ಮೊಟ್ಟೆಯ ಅಲರ್ಜಿ ಇರುವ ಅನೇಕ ಮಕ್ಕಳು ಕೇಕಿನಲ್ಲಿ ಚೆನ್ನಾಗಿ ಬೆಂದದ್ದನ್ನು ತಿಂದು ಆರಾಮವಾಗಿರುತ್ತಾರೆ, ಆಮ್ಲೆಟ್ ತಿಂದರೆ ಗಂಧೆ ಏಳುತ್ತದೆ. ಆದ್ದರಿಂದ ಕೇಕ್ ಆಗಿಬಂದದ್ದನ್ನು ನೋಡಿ ಮೊಟ್ಟೆಯನ್ನು ಪಟ್ಟಿಯಿಂದ ತೆಗೆಯಬೇಡಿ. ಹಾಗೆಯೇ ಆಮ್ಲೆಟ್ಟಿಗೆ ಗಂಧೆ ಎದ್ದಿದ್ದಕ್ಕೆ, ಈಗಾಗಲೇ ಆಗಿಬರುತ್ತಿರುವ ಕೇಕನ್ನು ವೈದ್ಯರನ್ನು ಕೇಳದೆ ಬಿಡಿಸಬೇಡಿ.

ಆ ಆಹಾರದ ಸಂಬಂಧಿಕರನ್ನೂ ನೋಡಿ. ಗೋಡಂಬಿ ಆಗದವರಿಗೆ ಪಿಸ್ತಾ ಆಗದಿರುವುದು ಹೆಚ್ಚು, ಸಿಗಡಿ ಆಗದವರಿಗೆ ಏಡಿ. ರಬ್ಬರ್ ಕೈಗವಸು ಹಾಕಿದರೆ ತುರಿಸುವವರಲ್ಲಿ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು ಆಗುವುದಿಲ್ಲ.

ಹಂತ 7: ಬಿಟ್ಟು ನೋಡುವುದು, ಮತ್ತೆ ತಿಂದು ನೋಡುವುದು

ಎಚ್ಚರಿಕೆ ಇನ್ನೊಮ್ಮೆ. ಇದು ನಿಧಾನದ, ಹಗುರ ಲಕ್ಷಣಗಳಿಗೆ ಮಾತ್ರ: ಹೊಟ್ಟೆ ಉಬ್ಬರ, ಸಡಿಲ ಮಲ, ತುರಿಕೆ ಹೆಚ್ಚುವುದು. ವೈದ್ಯರಿಗೆ ಹೇಳಿಯೇ ಮಾಡಿ. ಆಸ್ತಮಾ ಇರುವವರು, ಗರ್ಭಿಣಿಯರು, ತೂಕ ಕಳೆದುಕೊಳ್ಳುತ್ತಿರುವವರು, ಶಿಶುಗಳು ಮತ್ತು ತೀವ್ರ ಇಸಬು ಇರುವ ಮಕ್ಕಳ ವಿಷಯದಲ್ಲಿ ಇದು ಮನೆಯವರೇ ಮಾಡುವ ಕೆಲಸವಲ್ಲ.

ಇಸಬಿನ ಮಕ್ಕಳನ್ನು ಬೇರೆಯಾಗಿ ಹೆಸರಿಸಲು ಕಾರಣವಿದೆ. ಇಂಥ ಮಗುವಿಗೆ ಹಾಲನ್ನೋ ಮೊಟ್ಟೆಯನ್ನೋ ತಿಂಗಳುಗಟ್ಟಲೆ ಬಿಡಿಸಿದರೆ ದೇಹ ಆ ಆಹಾರದ ಜೊತೆಗಿನ ಒಗ್ಗಿಕೆ ಕಳೆದುಕೊಂಡು, ಮತ್ತೆ ಕೊಟ್ಟಾಗ ತಕ್ಷಣದ ಅಲರ್ಜಿ ಆಗಬಹುದು. ಮೊದಲು ಬರೀ ತುರಿಕೆ ಇದ್ದದ್ದು ಆಮೇಲೆ ಅನಾಫಿಲಾಕ್ಸಿಸ್ ಆದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ. “ಬಿಟ್ಟರೆ ನಷ್ಟವೇನು?” ಎಂಬ ಮಾತು ಅದಕ್ಕೇ ಸರಿಯಲ್ಲ. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ಅಲರ್ಜಿಯ ಸಂಭವ ಹೆಚ್ಚಿದ್ದ ಶಿಶುಗಳಿಗೆ ಶೇಂಗಾ ಬೇಗ ಶುರುಮಾಡಿ ನಿಯಮಿತವಾಗಿ ಕೊಟ್ಟಾಗ, ಐದನೇ ವರ್ಷಕ್ಕೆ ಶೇಂಗಾ ಅಲರ್ಜಿ ಬಹಳ ಕಡಿಮೆ ಕಂಡಿತು.

ಬಿಡುವ ಕ್ರಮ: ಒಂದು ಸಲಕ್ಕೆ ಒಂದೇ ಆಹಾರ. ಹೊಟ್ಟೆಯ ಲಕ್ಷಣಕ್ಕೆ 2 ವಾರ, ಚರ್ಮದ ಲಕ್ಷಣಕ್ಕೆ 4 ವಾರ ಸಾಮಾನ್ಯವಾಗಿ ಸಾಕು, 6 ವಾರ ದಾಟಿಸಬೇಡಿ. ಬಿಟ್ಟರೆ ಪೂರ್ತಿ ಬಿಡಿ. ದಿನಕ್ಕೊಂದು ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಹೋಗುತ್ತಿದ್ದರೆ ನಾಲ್ಕು ವಾರದ ಶ್ರಮ ದಂಡ. ಈ ಅವಧಿಯಲ್ಲಿ ಸೋಪು, ಮುಲಾಮು, ಔಷಧಿ ಬದಲಿಸಬೇಡಿ. ಅಂಕ ಇಳಿಯದಿದ್ದರೆ ಆ ಆಹಾರವನ್ನು ಮರಳಿ ಶುರುಮಾಡಿ, ಪಟ್ಟಿಯಿಂದ ತೆಗೆದುಹಾಕಿ.

ಅಂಕ ಇಳಿದರೆ? ಇಲ್ಲಿ ನಿಲ್ಲಬೇಡಿ. ಋತು ಬದಲಾದದ್ದು, ನೆಗಡಿ ಹೋದದ್ದು, ಹೊರಗಿನ ತಿಂಡಿ ಕಡಿಮೆಯಾದದ್ದು ಕೂಡ ಅಂಕ ಇಳಿಸುತ್ತವೆ. ಮತ್ತೆ ತಿಂದಾಗ ಲಕ್ಷಣ ಮರಳಿದರೆ ಮಾತ್ರ ಅನುಮಾನ ಗಟ್ಟಿ. ಹಾಲನ್ನೇ ಉದಾಹರಣೆಯಾಗಿ ಇಟ್ಟುಕೊಂಡರೆ ಕ್ರಮ ಹೀಗೆ:

ಮೊದಲ ದಿನ ಬೆಳಿಗ್ಗೆ 1 ಟೀ ಚಮಚ. ಏನೂ ಆಗದಿದ್ದರೆ ಮಧ್ಯಾಹ್ನ 30 ಮಿಲಿಲೀಟರ್, ಸಂಜೆ 100 ಮಿಲಿಲೀಟರ್.
ಎರಡನೆಯ ಮತ್ತು ಮೂರನೆಯ ದಿನ ಎಂದಿನಂತೆ ಒಂದು ಲೋಟ, ಸುಮಾರು 200 ಮಿಲಿಲೀಟರ್.
ಆಮೇಲೆ 3 ದಿನ ಆ ಆಹಾರ ನಿಲ್ಲಿಸಿ ಅಂಕ ಬರೆಯುತ್ತಾ ಹೋಗಿ.

ಬೆಳಗಿನ ಹೊತ್ತೇ ಶುರುಮಾಡಿ, ಮನೆಯಲ್ಲಿ ಇನ್ನೊಬ್ಬರಿರಲಿ, ಅಂದು ಹೊಸದೇನನ್ನೂ ತಿನ್ನಬೇಡಿ, ಜ್ವರವಿದ್ದರೆ ಮುಂದೂಡಿ. ಗಂಧೆಯೋ ಊತವೋ ಕೆಮ್ಮೋ ಕಂಡ ಕ್ಷಣ ನಿಲ್ಲಿಸಿ, ಅದು ತಕ್ಷಣದ ಅಲರ್ಜಿಯ ಗುರುತು.

ಗೋಧಿಯ ಬಗ್ಗೆ ಒಂದು ಕಿವಿಮಾತು. ಸೀಲಿಯಾಕ್ ಎಂಬ ರೋಗದಲ್ಲಿ ಗ್ಲುಟೆನ್‌ನಿಂದಾಗಿ ದೇಹ ತನ್ನ ಸಣ್ಣಕರುಳಿಗೇ ಹಾನಿ ಮಾಡಿಕೊಳ್ಳುತ್ತದೆ. ಅದರ ರಕ್ತಪರೀಕ್ಷೆ ಸರಿಯಾಗಿ ಬರಬೇಕಾದರೆ ಗೋಧಿ ತಿನ್ನುತ್ತಲೇ ಇರಬೇಕು. ಗೋಧಿ ಬಿಟ್ಟು ಮೂರು ತಿಂಗಳು ಕಳೆದು ಪರೀಕ್ಷೆಗೆ ಹೋದರೆ ರೋಗವಿದ್ದೂ ಇಲ್ಲವೆಂದು ಬರಬಹುದು. ಗೋಧಿಯ ಅನುಮಾನವಿದ್ದವರು ಬಿಡುವ ಮೊದಲೇ ರಕ್ತ ಕೊಟ್ಟು ಬನ್ನಿ.

ಎದೆಹಾಲು ಕುಡಿಯುವ ಮಗುವಿನ ಮಲದಲ್ಲಿ ರಕ್ತ ಕಂಡರೆ ಎದೆಹಾಲು ನಿಲ್ಲಿಸಬೇಡಿ. ವೈದ್ಯರು ತಾಯಿಯ ಊಟದಿಂದ ಹಾಲಿನ ಪದಾರ್ಥಗಳನ್ನು ಕೆಲವು ವಾರ ಬಿಡಿಸಿ ನೋಡುತ್ತಾರೆ. ಆ ಅವಧಿಯಲ್ಲಿ ತಾಯಿಗೆ ಕ್ಯಾಲ್ಸಿಯಂ ಎಲ್ಲಿಂದ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಹಂತ 8: ವೈದ್ಯರಲ್ಲಿಗೆ ಏನು ಒಯ್ಯಬೇಕು, ಏನು ಕೇಳಬೇಕು

ದಿನಚರಿಯ ಇಡೀ ಪುಸ್ತಕವನ್ನು ಮೇಜಿನ ಮೇಲಿಡಬೇಡಿ. ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ: ಅನುಮಾನದ ಆಹಾರ, ಪ್ರತಿ ಘಟನೆಯ ದಿನಾಂಕ, ಪ್ರಮಾಣ, ಎಷ್ಟು ನಿಮಿಷಕ್ಕೆ ಲಕ್ಷಣ, ಅದೇ ಆಹಾರ ಏನೂ ಆಗದೆ ತಿಂದ ದಿನಗಳು, ಒತ್ತಾಸೆಗಳು, ಈಗಿನ ಔಷಧಿಗಳು. ಚಿತ್ರಗಳು ಫೋನಿನಲ್ಲಿರಲಿ, ಪೊಟ್ಟಣದ ಹೊದಿಕೆ ಚೀಲದಲ್ಲಿರಲಿ.

ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ಆಹಾರದ ಸಾರದ ಹನಿಯಿಟ್ಟು ಸಣ್ಣಗೆ ಚುಚ್ಚಿ 15–20 ನಿಮಿಷಕ್ಕೆ ಬೊಬ್ಬೆಯ ಅಗಲ ಅಳೆಯುತ್ತಾರೆ. 3 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್ ಎನ್ನುತ್ತಾರೆ. ಸೆಟಿರಿಜಿನ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ ಬೊಬ್ಬೆ ಏಳುವುದೇ ಇಲ್ಲ, ಆದ್ದರಿಂದ ಸಾಮಾನ್ಯವಾಗಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಮಯ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ. ರಕ್ತದ ಐಜಿಇ ಪರೀಕ್ಷೆಗೆ ಮಾತ್ರೆ ನಿಲ್ಲಿಸಬೇಕಿಲ್ಲ.

ಈ ಎರಡೂ ಪರೀಕ್ಷೆ ತೋರಿಸುವುದು ದೇಹದಲ್ಲಿ ಐಜಿಇ ಇದೆ ಎಂಬುದನ್ನು ಮಾತ್ರ. ಪಾಸಿಟಿವ್ ಬಂದೂ ಆ ಆಹಾರವನ್ನು ಆರಾಮವಾಗಿ ತಿನ್ನುವವರು ಬಹಳ ಮಂದಿ. ಅದಕ್ಕೇ “ಎಲ್ಲ ಆಹಾರಕ್ಕೂ ಒಂದು ಪ್ಯಾನೆಲ್ ಮಾಡಿಬಿಡಿ” ಎಂದು ಕೇಳಬೇಡಿ, ನಿಮ್ಮ ಹಾಳೆಯಲ್ಲಿರುವ ಒಂದೆರಡಕ್ಕೆ ಮಾತ್ರ ಮಾಡಿಸಿ. ಕೊನೆಯ ತೀರ್ಪು ಕೊಡುವುದು ಆಸ್ಪತ್ರೆಯಲ್ಲಿ, ಅಡ್ರಿನಲಿನ್ ಕೈಯಳತೆಯಲ್ಲಿಟ್ಟುಕೊಂಡು, ಹಂತಹಂತವಾಗಿ ತಿನ್ನಿಸಿ ನೋಡುವ ಪರೀಕ್ಷೆ.

ಈಗ ಆ ಮನೆಯ ಕಿಟ್ಟಿನ ವಿಷಯ. ಅಂಚೆಯಲ್ಲಿ ರಕ್ತದ ಹನಿ ಕಳಿಸುವ ಇಂಥ ಹೆಚ್ಚಿನ ಕಿಟ್‌ಗಳು ಅಳೆಯುವುದು ಐಜಿಇ ಅಲ್ಲ, ಐಜಿಜಿ ಎಂಬ ಇನ್ನೊಂದು ಪ್ರತಿಕಾಯ. ಯಾವ ಆಹಾರವನ್ನು ಹೆಚ್ಚು ತಿನ್ನುತ್ತೇವೆಯೋ ಅದಕ್ಕೆ ಐಜಿಜಿ ಏರುವುದು ಸಹಜ. ಅದು ದೇಹ ಆ ಆಹಾರವನ್ನು ಕಂಡಿದೆ ಎಂಬುದರ ಗುರುತು. ದಿನವೂ ಹಾಲು, ಗೋಧಿ, ಮೊಟ್ಟೆ ತಿನ್ನುವವರಿಗೆ ಅವೇ “ಆಗಿಬರುವುದಿಲ್ಲ” ಎಂಬ ಪಟ್ಟಿಯಲ್ಲಿ ಬರುವುದು ಇದಕ್ಕೇ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಈ ಪರೀಕ್ಷೆಯನ್ನು ಆಹಾರದ ಅಲರ್ಜಿ ಪತ್ತೆಗೆ ಬಳಸಬಾರದು ಎಂದು ಹೇಳಿದೆ. ಕೂದಲು ಕಳಿಸುವ ಪರೀಕ್ಷೆಗೂ, ಕೈಯಲ್ಲಿ ಆಹಾರ ಹಿಡಿಸಿ ಸ್ನಾಯುಬಲ ನೋಡುವುದಕ್ಕೂ ಆಧಾರವಿಲ್ಲ. ಆ ಪಟ್ಟಿ ನೋಡಿ ಈಗಾಗಲೇ ಮೂವತ್ತು ಪದಾರ್ಥ ಬಿಟ್ಟಿದ್ದರೆ, ಒಮ್ಮೆಲೇ ಎಲ್ಲವನ್ನೂ ಮರಳಿ ಶುರುಮಾಡಬೇಡಿ. ಬಿಡುವ ಮೊದಲು ಯಾವುದರಿಂದ ನಿಜಕ್ಕೂ ಲಕ್ಷಣ ಬಂದಿತ್ತು ಎಂದು ಗುರುತು ಹಾಕಿ, ಆ ಪಟ್ಟಿಯೊಂದಿಗೆ ವೈದ್ಯರನ್ನು ಕಂಡು ಮರಳಿ ತಿನ್ನುವ ಕ್ರಮ ಕೇಳಿ.

ಅಲರ್ಜಿ ಖಚಿತವಾದರೆ ಮೂರು ವಿಷಯ ಕೇಳಿಕೊಳ್ಳದೆ ಎದ್ದು ಬರಬೇಡಿ: ಅಡ್ರಿನಲಿನ್ ಪೆನ್ ಬೇಕೇ, ಬೇಕಾದರೆ ಅದನ್ನು ಹಿಡಿದು ಚುಚ್ಚುವ ಬಗೆಯನ್ನು ಎದುರಿಗೇ ತೋರಿಸುತ್ತೀರಾ, ಬಿಟ್ಟ ಆಹಾರದ ಪೋಷಕಾಂಶಕ್ಕೆ ಬದಲಿ ಏನು, ಮರುಪರೀಕ್ಷೆ ಯಾವಾಗ. ಕೊನೆಯ ಈ ಮರುಪರೀಕ್ಷೆಯ ಮಾತನ್ನು ಮರೆಯುವವರೇ ಹೆಚ್ಚು. ಹಾಲು, ಮೊಟ್ಟೆ, ಗೋಧಿ, ಸೋಯಾದ ಅಲರ್ಜಿ ಬಹುತೇಕ ಮಕ್ಕಳಲ್ಲಿ ಬೆಳೆಯುತ್ತಾ ಹೋದಂತೆ ಇಲ್ಲವಾಗುತ್ತದೆ, ಶೇಂಗಾ ಮತ್ತು ಒಣಬೀಜಗಳದ್ದು ಹೆಚ್ಚಾಗಿ ಉಳಿಯುತ್ತದೆ. ಎರಡನೇ ವಯಸ್ಸಿನಲ್ಲಿ ಹಾಲು ಆಗದಿದ್ದ ಮಗು ಹತ್ತನೇ ವಯಸ್ಸಿನಲ್ಲೂ ಸುಮ್ಮನೆ ಹಾಲು ಬಿಟ್ಟು ಕೂರಬೇಕಿಲ್ಲ. ಮರುಪರೀಕ್ಷೆಯ ತಿಂಗಳನ್ನು ದಿನಚರಿಯ ಹಿಂಬದಿಯ ಪುಟದಲ್ಲಿ ಅಂದೇ ಬರೆದಿಡಿ.